ಕಿರಿಗೊರವ, ಹಿರಿಗೊರವ

ನಮ್ಮ ಊರಿನಲ್ಲಿ ಕಡಲು ಹುಣ್ಣಿಮೆ ಅಮಾವಾಸ್ಯೆ ನೋಡಿ ಏರುವುದಿಲ್ಲ, ಹಕ್ಕಿಯನ್ನು ನೋಡಿ ಏರುತ್ತದೆ. ಮಳೆಗಾಲದಲ್ಲಿ ಹಕ್ಕಿಗಳಿರುವುದಿಲ್ಲ, ಆಗ ನಮ್ಮದೂ ಎಲ್ಲ ಊರಿನಂಥದೇ ಕಡಲು. ನವರಾತ್ರಿ ಕಳೆದು ಗೊರವ ಹಕ್ಕಿಗಳು ಬಂದಿಳಿದ ಮೇಲೆ ಅದರ ನಡೆಯೇ ಬೇರೆ. ಬೆಳಿಗ್ಗೆ ಕೆಸರು ಬಯಲಿನ ಮೇಲೆ ಮೊದಲು ಇಳಿಯುವ ಹಕ್ಕಿ ಕಿರಿಗೊರವವಾದರೆ ಆ ದಿನ ನೀರು ಬಯಲಿನ ನಡುವಿನ ಕಲ್ಲುಗೂಟಗಳವರೆಗೆ ಬಂದು ನಿಲ್ಲುತ್ತದೆ. ಹೆಂಗಸರು ಗೂಟಗಳ ಈಚೆ ಸಂಜೆಯವರೆಗೂ ಚಿಪ್ಪಿ ಹೆಕ್ಕಬಹುದು. ಹಿರಿಗೊರವವಾದರೆ ಎರಡು ಗಂಟೆಯೊಳಗೆ ನೀರು ಮೀನು ಮಾರುಕಟ್ಟೆಯ ಮೆಟ್ಟಿಲು ಮುಟ್ಟುತ್ತದೆ, ಬಯಲಿನಲ್ಲಿ ಆಳು ಮುಳುಗುವಷ್ಟು ಆಳ. ಹಕ್ಕಿಯೇ ಇಳಿಯದ ದಿನ ನೀರೂ ಬರುವುದಿಲ್ಲ. ಅಂಥ ದಿನ ದೋಣಿಗಳೆಲ್ಲ ಕೆಸರಿನಲ್ಲಿ ಓರೆಯಾಗಿ ಬಿದ್ದಿರುತ್ತವೆ, ಗಂಡಸರು ಮನೆಯಲ್ಲಿ ಕೂತು ಹೆಂಗಸರ ಕೆಲಸಕ್ಕೆ ಅಡ್ಡ ಬರುತ್ತಾರೆ.

ಇದಕ್ಕೆ ಊರು ಎಂದೋ ಹೊಂದಿಕೊಂಡಿದೆ. ಶಾಲೆಯ ಗಂಟೆ, ಕ್ಷೌರದಂಗಡಿಯ ಬಾಗಿಲು, ಕೆಳಬೀದಿಯ ಅಂಗಡಿಯವರು ಅಕ್ಕಿಮೂಟೆಗಳನ್ನು ಅಟ್ಟಕ್ಕೆ ಏರಿಸುವುದು, ಎಲ್ಲವೂ ಹಕ್ಕಿಯ ಪ್ರಕಾರ. ಮದುವೆಯ ಕಾಗದದಲ್ಲಿ ‘ಕಿರಿಯಾದರೆ ಹನ್ನೊಂದಕ್ಕೆ, ಹಿರಿಯಾದರೆ ನಾಲ್ಕಕ್ಕೆ’ ಎಂದು ಎರಡು ಮುಹೂರ್ತ ಅಚ್ಚು ಹಾಕಿಸುತ್ತಾರೆ. ದಾರಿಯಲ್ಲಿ ಎದುರಾದವರು ಊಟ ಆಯಿತಾ ಎಂದು ಕೇಳುವುದಿಲ್ಲ, ಇವತ್ತು ಯಾವುದು ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರ ಕೊಡುವವಳು ಹನ್ನೊಂದು ವರ್ಷ ನಾನಾಗಿದ್ದೆ. ನನ್ನ ಹೆಸರು ವಾರಿಜ. ಆದರೆ ಊರಿನಲ್ಲಿ ಯಾರೂ ನನ್ನನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಹಕ್ಕಿಯಮ್ಮ ಎನ್ನುತ್ತಿದ್ದರು.

ಮಾರುಕಟ್ಟೆಯ ಪಕ್ಕದಲ್ಲಿ ಬಯಲಿಗೆ ಮುಖಮಾಡಿ ಒಂದು ಕಲ್ಲಿನ ಕಟ್ಟೆಯಿದೆ, ಅದರ ಮೇಲೊಂದು ಕಂಬ. ಹಕ್ಕಿಯಮ್ಮ ಬೆಳಕು ಹರಿಯುವಾಗ ಅಲ್ಲಿ ನಿಂತಿರಬೇಕು. ಮೊದಲ ಹಕ್ಕಿ ಕಿರಿಯಾದರೆ ಬಿಳಿ ಬಟ್ಟೆ ಏರಿಸಬೇಕು, ಹಿರಿಯಾದರೆ ಕೆಂಪು. ಬಟ್ಟೆ ಏರಿದ ಮೇಲೆ ಅದಕ್ಕೆ ಯಾರೂ ಎದುರು ಮಾತಾಡುವಂತಿಲ್ಲ. ಅನುಮಾನ ಬಂದರೆ ಕೆಂಪು. ಕಟ್ಟೆಯ ಮೊದಲ ಪಾಠ ಇದು. ಕೆಂಪು ತಪ್ಪಾದರೆ ಒಂದು ದಿನದ ಕೆಲಸ ಹಾಳು, ಬಿಳಿ ತಪ್ಪಾದರೆ ಜೀವ ಹಾಳು.

ಕೇಳಿದರೆ ಸುಲಭ ಅನಿಸುತ್ತದೆ. ಎರಡೂ ಗುಬ್ಬಿಗಿಂತ ದೊಡ್ಡ, ಪಾರಿವಾಳಕ್ಕಿಂತ ಸಣ್ಣ ಹಕ್ಕಿಗಳು. ಎರಡಕ್ಕೂ ಒದ್ದೆ ಮರಳಿನ ಬಣ್ಣದ ಬೆನ್ನು, ಬಿಳಿ ಹೊಟ್ಟೆ, ಎದೆಯ ಎರಡೂ ಬದಿಗೆ ಮಾಸಿದ ಕಂದು ಮಚ್ಚೆ. ಎರಡೂ ಓಡುತ್ತವೆ, ನಿಲ್ಲುತ್ತವೆ, ಕುಕ್ಕುತ್ತವೆ. ಪಕ್ಕಪಕ್ಕ ನಿಂತರೆ ಬಾಲವಾಡಿಯ ಮಗುವೂ ಹೇಳೀತು, ಇದು ಹಿರಿ ಇದು ಕಿರಿ ಎಂದು. ಆದರೆ ಮೊದಲ ಹಕ್ಕಿ ಯಾವಾಗಲೂ ಒಂಟಿಯಾಗಿ ಬರುತ್ತದೆ. ಒಂಟಿ ಹಕ್ಕಿ ದೊಡ್ಡದೂ ಅಲ್ಲ, ಸಣ್ಣದೂ ಅಲ್ಲ.

ನನಗೆ ಕಲಿಸಿದವರು ನನ್ನ ಅತ್ತೆ ದುಗ್ಗಮ್ಮ. ನನಗಿಂತ ಮುಂಚೆ ಮೂವತ್ತು ವರ್ಷ ಕಟ್ಟೆಯ ಮೇಲೆ ಅವರೇ ನಿಂತವರು. ಅವರ ಕಣ್ಣಿಗೆ ಪೊರೆ ಬರಲು ಶುರುವಾದಾಗ ನನ್ನನ್ನು ಜೊತೆಗೆ ನಿಲ್ಲಿಸಿಕೊಂಡರು. ಕೊಕ್ಕನ್ನು ಕಣ್ಣಿನಲ್ಲೇ ಅಳೆಯಬೇಕು ಎಂದರು. ಕೊಕ್ಕಿನ ಬುಡದಿಂದ ಕಣ್ಣಿನ ಹಿಂದಿನ ಅಂಚಿನವರೆಗೆ ಎಷ್ಟು ದೂರವೋ, ಕೊಕ್ಕು ಅದನ್ನು ಮೀರಿದರೆ ಹಿರಿ, ಮೀರದಿದ್ದರೆ ಕಿರಿ. ಕಿರಿಯ ಕಾಲು ಕಪ್ಪು, ಹಿರಿಯ ಕಾಲು ಉದ್ದ, ಹಸಿರು ಬೆರೆತ ತೆಳು ಹಳದಿ. ಕಿರಿಯ ತಲೆ ಗೋಲಿಯ ಹಾಗೆ ದುಂಡಗೆ, ಹಿರಿಯ ಹಣೆ ತುಸು ಚಪ್ಪಟೆ. ಕಿರಿ ನಾಲ್ಕು ಹೆಜ್ಜೆ ಓಡಿ ಒಂದು ಗಳಿಗೆ ನಿಂತು ಮತ್ತೆ ಓಡುತ್ತದೆ, ಹಿರಿ ನಿಂತರೆ ಏನನ್ನೋ ಮರೆತವರ ಹಾಗೆ ನಿಂತೇ ಇರುತ್ತದೆ. ಇಷ್ಟು ಕಲಿಯಲು ನನಗೆ ಆರು ಚಳಿಗಾಲ ಹಿಡಿಯಿತು. ಯಾಕೆಂದರೆ ಗಾಳಿ ಬಂದರೆ ಎಲ್ಲ ಹಕ್ಕಿಯ ತಲೆಯೂ ದುಂಡಗಾಗುತ್ತದೆ. ಕೆಸರು ಮೆತ್ತಿದರೆ ಎಲ್ಲ ಕಾಲೂ ಕಪ್ಪು. ನಮ್ಮತ್ತ ಮುಖ ಮಾಡಿ ನಿಂತರೆ ಕೊಕ್ಕು ಬರೀ ಒಂದು ಚುಕ್ಕೆ. ಊರಿನವರು ನನಗೊಂದು ದುರ್ಬೀನು ತರಿಸಿಕೊಟ್ಟಿದ್ದರು. ಅದರಲ್ಲಿ ಹಕ್ಕಿ ಹತ್ತಿರ ಬರುತ್ತದೆ, ಅನುಮಾನವೂ ಅಷ್ಟೇ ಹತ್ತಿರ ಬರುತ್ತದೆ.

ಕೊನೆಯ ಚಳಿಗಾಲವೊಂದನ್ನು ಬಿಟ್ಟರೆ, ಹನ್ನೊಂದು ವರ್ಷದಲ್ಲಿ ನಾನು ತಪ್ಪಿದ್ದು ಮೂರು ಸಲ. ಮೂರು ಸಲವೂ ಕಿರಿ ಬಂದ ದಿನ ಕೆಂಪು ಏರಿಸಿದ್ದೆ. ಹೆಂಗಸರು ಖಾಲಿ ಬುಟ್ಟಿ ಹಿಡಿದು ಮಾರುಕಟ್ಟೆಯ ಮೆಟ್ಟಿಲ ಮೇಲೆ ಕೂತು, ದೂರದ ಗೂಟಗಳ ಹತ್ತಿರವೇ ನಿಂತುಬಿಟ್ಟ ನೀರನ್ನು ನೋಡುತ್ತ ಗೊಣಗಿದ್ದರು, ಅಷ್ಟೆ. ಪಕ್ಕದ ಮನೆಯ ರುಕ್ಮಾಯಿ ಮಾತ್ರ ನನಗೆ ಕೇಳುವ ಹಾಗೇ ಹೇಳಿದ್ದಳು, ಹಕ್ಕಿಯಮ್ಮನಿಗೆ ಇವತ್ತು ಬಟ್ಟೆ ಒಗೆಯುವ ದಿನ ಇರಬೇಕು ಎಂದು. ರುಕ್ಮಾಯಿ ಊರಿನಲ್ಲೇ ಕೈ ಚುರುಕಿನ ಹೆಂಗಸು. ಎಲ್ಲರಿಗಿಂತ ಮುಂದೆ, ಗೂಟಗಳ ಬುಡಕ್ಕೇ ಹೋಗಿ ಚಿಪ್ಪಿ ಹೆಕ್ಕುವವಳು. ಅವಳ ನಾಲಿಗೆಗೂ ಕೈಯ ವೇಗವೇ ಇತ್ತು.

ಹೀಗಿರುವಾಗ ನನ್ನ ಮೈದುನ ಕುಷ್ಟ ಮದುವೆಯಾಗಿ ಬಂದ. ಅವನು ಒಣಮೀನು ಮಾರಲು ಘಟ್ಟದ ಆಚೆ ಬಯಲುಸೀಮೆಯ ಸಂತೆಗಳಿಗೆ ಹೋಗುತ್ತಿದ್ದವನು. ಅಲ್ಲಿಂದ ಕುರಿ ಕಾಯುವವರ ಮಗಳನ್ನು ಕಟ್ಟಿಕೊಂಡು ಬಂದ. ಮಾಳವ್ವ ಎಂದು ಹೆಸರು. ಕಡಲನ್ನು ಹುಟ್ಟಿದ ಮೇಲೆ ಕಂಡವಳಲ್ಲ. ಮೀನಿನ ವಾಸನೆಗೆ ಮೊದಲ ವಾರವೆಲ್ಲ ಸೆರಗನ್ನು ಮೂಗಿಗೆ ಒತ್ತಿಕೊಂಡೇ ಓಡಾಡಿದಳು. ನನಗೆ ಅವಳ ಮೇಲೆ ಅಕ್ಕರೆಯೇ ಇತ್ತು ಎನ್ನಬೇಕು. ಬಂಗಡೆ ಸೀಳುವುದು ಹೇಗೆಂದು ಅವಳ ಕೈ ಹಿಡಿದು ತೋರಿಸಿದವಳು ನಾನೇ. ಅವಳಿಗೆ ತಿಳಿಯದ್ದನ್ನು ಹೇಳಿಕೊಡುವುದರಲ್ಲಿ ಒಂದು ಸುಖವಿತ್ತು.

ಬೆಳಿಗ್ಗೆ ಕಟ್ಟೆಗೆ ನನ್ನ ಗಂಜಿ ತಂದುಕೊಡುವ ಕೆಲಸ ಅವಳಿಗೆ ಬಿತ್ತು. ಬಂದ ಎರಡನೆಯ ತಿಂಗಳಿರಬೇಕು. ಹಕ್ಕಿ ಇಳಿದಿತ್ತು, ನಾನು ದುರ್ಬೀನು ಹಿಡಿದು ಕೊಕ್ಕು ಅಳೆಯುತ್ತಿದ್ದೆ. ಕೆಳಗೆ ಹೆಂಗಸರು ಬುಟ್ಟಿ ಹಿಡಿದು ಕಾಯುತ್ತಿದ್ದರು. ಹಿಂದಿನಿಂದ ಗಂಜಿಯ ಪಾತ್ರೆ ಕೆಳಗಿಟ್ಟ ಸದ್ದಾಯಿತು. ಆಮೇಲೆ ಅವಳ ದನಿ. “ಅಕ್ಕಾರ, ಅದು ದೊಡ್ಡದೈತ್ರಿ.”

ನಾನು ತಿರುಗಿ ನೋಡಲಿಲ್ಲ. ಹಕ್ಕಿ ಇನ್ನೂ ಎರಡು ಸಲ ಓಡಿ ನಿಂತ ಮೇಲೆ ನನಗೂ ಖಾತ್ರಿಯಾಯಿತು, ಹಿರಿಯೇ. ಕೆಂಪು ಏರಿಸಿದೆ. ಆಮೇಲೆ ಗಂಜಿ ಕುಡಿಯುತ್ತ, ಸಾಧಾರಣ ಮಾತಿನ ಹಾಗೆ, ಹೇಗೆ ಹೇಳಿದೆ ಎಂದು ಅವಳನ್ನು ಕೇಳಿದೆ. ಕೊಕ್ಕು ನೋಡಿದೆಯಾ, ಕಾಲು ನೋಡಿದೆಯಾ ಎಂದೆ.

ಅವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. “ಮಾರಿ ನೋಡಿದ್ರ ಗೊತ್ತಾಗ್ತೈತಲ್ರೀ,” ಎಂದಳು.

ಮುನ್ನೂರು ಕುರಿಗಳಲ್ಲಿ ಯಾವ ಮರಿ ಯಾವ ತಾಯಿಯದೆಂದು ಮುಖ ನೋಡಿ ಹೇಳುತ್ತ ಬೆಳೆದವಳು ಅವಳು. ಹಕ್ಕಿಗೂ ಮುಖವಿರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಆರು ಚಳಿಗಾಲ ಕಲಿತದ್ದನ್ನು ಅವಳು ಗಂಜಿಯ ಪಾತ್ರೆ ಇಳಿಸುವಷ್ಟರಲ್ಲಿ ಹೇಳಿಬಿಟ್ಟಿದ್ದಳು.

ಆಮೇಲೆ ಇದು ದಿನದ ಮಾತಾಯಿತು. ಅವಳು ಬರುವುದು, ಪಾತ್ರೆ ಇಡುವುದು, ಸಣ್ಣದು ಎನ್ನುವುದು, ದೊಡ್ಡದು ಎನ್ನುವುದು. ತಪ್ಪಿದ್ದು ಒಂದು ದಿನವೂ ಇಲ್ಲ. ಅವಳ ದನಿ ಬೇರೆ ದೊಡ್ಡದು, ಕುರಿ ಕೂಗಿ ಬೆಳೆದ ದನಿ, ಕೆಳಗಿನವರೆಗೂ ಕೇಳಿಸುತ್ತಿತ್ತು. ನಾನು ಅವಳು ಬರುವ ಮುಂಚೆಯೇ ಬಟ್ಟೆ ಏರಿಸಲು ಆತುರಪಡತೊಡಗಿದೆ. ಆತುರದಲ್ಲಿ ಅನುಮಾನ ಹೆಚ್ಚಾಯಿತು. ಅನುಮಾನ ಬಂದಾಗಲೆಲ್ಲ ಕೆಂಪು ಏರಿಸಿದೆ. ಮಾಗಿಯ ಒಂದೇ ತಿಂಗಳಲ್ಲಿ ನಾಲ್ಕು ದಿನ ಕೆಂಪು ಸುಳ್ಳಾಯಿತು. ಹನ್ನೊಂದು ವರ್ಷದಲ್ಲಿ ಮೂರು, ಒಂದು ತಿಂಗಳಲ್ಲಿ ನಾಲ್ಕು.

ಮನೆಯಲ್ಲಿ ಅದಕ್ಕಿಂತ ಕಷ್ಟ. ಅತ್ತೆಗೆ ಈಗ ಬೆಳಕು ಕತ್ತಲೆ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಮಧ್ಯಾಹ್ನ ನಾನು ಬಂದ ಮೇಲೆ, ಹಕ್ಕಿ ಎಲ್ಲಿ ಇಳಿಯಿತು, ಹೇಗೆ ಓಡಿತು ಎಂದು ಕೇಳುವುದು ಅವರ ರೂಢಿ. ನಾನು ಹೇಳುವಾಗ ಹೂಂ ಎನ್ನುತ್ತ ವೀಳ್ಯ ಮೆಲ್ಲುತ್ತಿದ್ದರು. ಒಂದು ದಿನ ನಾನು ಹಿತ್ತಿಲಲ್ಲಿ ಕಾಲು ತೊಳೆಯುತ್ತಿರುವಾಗ ಒಳಗಿನಿಂದ ಅವರು ನಗುವುದು ಕೇಳಿಸಿತು. ಅತ್ತೆ ನಕ್ಕದ್ದನ್ನು ಕೇಳಿ ವರ್ಷಗಳಾಗಿದ್ದವು. ಬಾಗಿಲ ಮರೆಯಲ್ಲಿ ನಿಂತು ನೋಡಿದೆ. ಮಾಳವ್ವ ಹೇಳುತ್ತಿದ್ದಳು, ಇವತ್ತಿನ ಹಕ್ಕಿ ಸಾಲ ಕೇಳಲು ಬಂದ ಬೀಗನ ಹಾಗೆ ನಾಲ್ಕು ಹೆಜ್ಜೆ ಬರುತ್ತಿತ್ತು, ನಿಂತು ಆಚೆಈಚೆ ನೋಡುತ್ತಿತ್ತು ಎಂದು. ಅತ್ತೆ ಮೊಣಕಾಲಿಗೆ ಕೈ ಬಡಿದುಕೊಂಡು, “ಅದು ಕಿರಿಯೇ, ಅದು ಕಿರಿಯೇ, ನಂಗೆ ಕಾಣ್ತಾ ಉಂಟು,” ಎಂದರು.

ನಂಗೆ ಕಾಣ್ತಾ ಉಂಟು. ಹನ್ನೊಂದು ವರ್ಷ ನಾನು ಹೇಳಿದ್ದರಲ್ಲಿ ಅವರಿಗೆ ಒಂದು ಹಕ್ಕಿಯೂ ಕಂಡಿರಲಿಲ್ಲ. ನಾನು ಕೊಕ್ಕಿನ ಅಳತೆ ಹೇಳುತ್ತಿದ್ದೆ.

ಆ ಸಂಜೆ ಗಂಡನಿಗೆ ಹೇಳಿದೆ, ಮಾಳವ್ವ ಕಟ್ಟೆಗೆ ಬರುವುದು ಬೇಡ, ಬೆಳಗಿನ ಥಂಡಿ ಗಾಳಿ ಬಯಲುಸೀಮೆಯವರಿಗೆ ಆಗಿಬರುವುದಿಲ್ಲ ಎಂದು. ಗಂಡ ಏನನ್ನೂ ಕೇಳುವವರಲ್ಲ, ಸರಿ ಎಂದರು. ನಾಳೆಯಿಂದ ಎಲ್ಲರ ಜೊತೆ ಚಿಪ್ಪಿ ಹೆಕ್ಕುವುದಕ್ಕೆ ಹೋಗು, ಮನೆಗೂ ಆಯಿತು ಎಂದು ಅವಳಿಗೆ ನಾನೇ ಹೇಳಿದೆ. ಅವಳು ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ಹಕ್ಕಿಯನ್ನು ನೋಡುವ ಹಾಗೆಯೇ ನೋಡಿದಳು ಅನಿಸಿ ಮುಖ ತಿರುಗಿಸಿದೆ. ಅವಳು ಆಗಲಿರಿ ಎಂದಳು.

ಅದರಿಂದ ಕೆಟ್ಟದ್ದೇ ಆಯಿತು. ಈಗ ಅವಳು ಕೆಳಗೆ, ಹೆಂಗಸರ ನಡುವೆ ಇದ್ದಳು. ನಾನು ಬಿಳಿ ಏರಿಸಿದರೆ ಮುಂಚೆ ಎಲ್ಲರೂ ಬುಟ್ಟಿ ಎತ್ತಿಕೊಂಡು ಇಳಿಯುತ್ತಿದ್ದರು. ಈಗ ಮೊದಲು ಬಟ್ಟೆ ನೋಡುತ್ತಿದ್ದರು, ಆಮೇಲೆ ಮಾಳವ್ವನ ಮುಖ, ಅದರ ಮೇಲೆ ಇಳಿಯುತ್ತಿದ್ದರು. ಅವಳು ಏನೂ ಹೇಳುತ್ತಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಕಟ್ಟೆಯ ಮೇಲಿನಿಂದ ಇಪ್ಪತ್ತು ಮೂವತ್ತು ತಲೆಗಳು ಒಟ್ಟಿಗೆ ಅವಳತ್ತ ತಿರುಗುವುದು ನನಗೆ ಕಾಣುತ್ತಿತ್ತು. ಹಕ್ಕಿ ನೋಡಬೇಕಾದ ದುರ್ಬೀನನ್ನು ನಾನು ಅವಳ ಮೇಲೆ ಹಿಡಿಯುತ್ತಿದ್ದೆ. ಅವಳ ಮೂಗುಬೊಟ್ಟಿನ ಕಲ್ಲು ಒಂದು ಬದಿಗೆ ಒಡೆದಿತ್ತು, ಅದೂ ನನಗೆ ಗೊತ್ತಾಯಿತು.

ಶಿವರಾತ್ರಿಗೆ ಮೂರು ದಿನವಿತ್ತು. ಬಡಗಣ ಗಾಳಿ ಜೋರಾಗಿತ್ತು. ಮೊದಲ ಹಕ್ಕಿ ಇಳಿಯುವಾಗಲೇ ಕೆಸರಿನ ಹೊಂಡಕ್ಕೆ ಇಳಿದು ಎದ್ದು ಬಂತು, ಕಾಲು ಮೊಣಕಾಲವರೆಗೆ ಕಪ್ಪು. ಗಾಳಿಗೆ ಗರಿ ಉಬ್ಬಿಸಿಕೊಂಡು ನಮ್ಮತ್ತಲೇ ಮುಖ ಮಾಡಿ ನಿಂತಿತು. ಕೊಕ್ಕು ಚುಕ್ಕೆ. ತಲೆ ದುಂಡು. ನಾನು ಕಾದೆ. ಅದು ತಿರುಗಲಿಲ್ಲ, ಓಡಲೂ ಇಲ್ಲ. ಕೆಳಗೆ ಹೆಂಗಸರು ಕಾಲು ಬದಲಿಸಿ ಬದಲಿಸಿ ನಿಲ್ಲುತ್ತಿದ್ದರು. ಇನ್ನೆಷ್ಟು ಹೊತ್ತು ಎಂದು ರುಕ್ಮಾಯಿ ಯಾರಿಗೋ ಹೇಳುವಂತೆ ಹೇಳಿದಳು.

ಅನುಮಾನ ಬಂದರೆ ಕೆಂಪು. ನನ್ನ ಕೈ ಕೆಂಪು ಬಟ್ಟೆಯ ಮೇಲೆಯೇ ಇತ್ತು, ಇದನ್ನು ಆಣೆಯಿಟ್ಟು ಹೇಳುತ್ತೇನೆ. ಅದನ್ನು ಎತ್ತಿಕೊಳ್ಳುವಾಗ ಕೆಳಗೆ ನೋಡಿದೆ. ತಲೆಗಳೆಲ್ಲ ಆಗಲೇ ಮಾಳವ್ವನತ್ತ ತಿರುಗಿದ್ದವು. ನಾನು ಬಟ್ಟೆ ಏರಿಸುವ ಮುಂಚೆಯೇ. ಅವಳು ಹಕ್ಕಿಯನ್ನು ನೋಡಿ ರುಕ್ಮಾಯಿಯ ಕಿವಿಯ ಹತ್ತಿರ ಏನೋ ಅಂದಳು. ದನಿ ಕೇಳಲಿಲ್ಲ, ತುಟಿ ಕಂಡಿತು. ದೊಡ್ಡದೈತಿ.

ನಾನು ಈಗ ಕೆಂಪು ಏರಿಸಿದರೆ ಅದು ಅವಳ ಕೆಂಪು. ಅವಳು ಹೇಳಿದ್ದಕ್ಕೆ ನಾನು ಬಟ್ಟೆ ಕಟ್ಟಿದ ಹಾಗೆ. ಕೆಂಪನ್ನು ಕೈಬಿಟ್ಟು ಬಿಳಿಯನ್ನು ಎತ್ತಿಕೊಂಡೆ, ಏರಿಸಿದೆ.

ಒಂದು ಗಳಿಗೆ ಯಾರೂ ಅಲುಗಲಿಲ್ಲ. ರುಕ್ಮಾಯಿ ಮಾಳವ್ವನ ಕಡೆ ನೋಡಿದಳು. ಮಾಳವ್ವ ತಲೆ ತಗ್ಗಿಸಿ ಬುಟ್ಟಿ ಎತ್ತಿ ಸೊಂಟಕ್ಕೆ ಇಟ್ಟುಕೊಂಡಳು. ಅವಳೇ ಎತ್ತಿಕೊಂಡದ್ದನ್ನು ನೋಡಿ ಎಲ್ಲರೂ ಎತ್ತಿಕೊಂಡರು. ಮೆಟ್ಟಿಲಿಳಿದು ಕೆಸರಿನಲ್ಲಿ ಸಾಲಾಗಿ ಹೊರಟರು, ಎಂದಿನಂತೆ ರುಕ್ಮಾಯಿ ಮುಂದೆ. ನನಗೆ ಆಗ ಆದದ್ದು ಭಯವಲ್ಲ. ಗೆದ್ದೆ ಅನಿಸಿತ್ತು.

ಆಮೇಲೆ ಹಕ್ಕಿ ತಿರುಗಿತು. ಬದಿಯಿಂದ ಕೊಕ್ಕು ಕಂಡಿತು, ಕಣ್ಣನ್ನು ದಾಟಿ ಇನ್ನೂ ಮಿಗುವಷ್ಟು ಉದ್ದ. ಒಂದು ಕಾಲೆತ್ತಿ ಕೆಸರು ಕೊಡವಿತು. ಕೆಸರಿನ ಕೆಳಗೆ ಹಳದಿ.

ಬಿಳಿ ಇಳಿಸಿ ಕೆಂಪು ಏರಿಸಬಹುದು, ಅದಕ್ಕೆ ತಡೆಯೇನಿಲ್ಲ. ಅತ್ತೆ ತಮ್ಮ ಕಾಲದಲ್ಲಿ ಒಮ್ಮೆ ಹಾಗೆ ಮಾಡಿದ್ದರು. ನಾನು ಕೆಂಪು ಬಟ್ಟೆ ಕೈಯಲ್ಲಿ ಹಿಡಿದು ನಿಂತೆ. ಎಷ್ಟು ಹೊತ್ತು ಎಂದು ಕೇಳಿದರೆ, ಒಂದು ವೀಳ್ಯ ಮಡಿಚಿ ಬಾಯಿಗೆ ಹಾಕಿಕೊಂಡು ಅದರ ರಸ ಬಿಡುವಷ್ಟು ಹೊತ್ತು. ಅಷ್ಟು ಹೊತ್ತು ನಾನು ಯೋಚಿಸಿದ್ದು ಮಾರುಕಟ್ಟೆಯ ಮೆಟ್ಟಿಲ ಮೇಲೆ ಜನ ಏನು ಮಾತಾಡಿಕೊಳ್ಳುತ್ತಾರೆ ಎಂದು. ಆಮೇಲೆ ಏರಿಸಿದೆ.

ಆದರೆ ಬಿಳಿ ನೋಡಿ ಹೋದವರು ಮತ್ತೆ ಕಟ್ಟೆಯತ್ತ ತಿರುಗುವುದಿಲ್ಲ, ಎಲ್ಲರ ಕಣ್ಣೂ ನೆಲದ ಮೇಲೆ. ನಾನು ಕೂಗಿದೆ, ಗಾಳಿ ನನ್ನ ದನಿಯನ್ನು ಊರಿನ ಕಡೆಗೇ ತಳ್ಳಿತು. ಆಗ ಬಯಲಿನ ನಡುವೆ ಒಂದು ತಲೆ ತಿರುಗಿದ್ದು ಕಂಡಿತು. ಮಾಳವ್ವ ಹೆಜ್ಜೆ ಹೆಜ್ಜೆಗೂ ಹಿಂದೆ ನೋಡುತ್ತಲೇ ಹೋಗಿದ್ದಳು. ಕೆಂಪು ಕಂಡದ್ದೇ ಬುಟ್ಟಿ ಎಸೆದು ಕುರಿ ತಿರುಗಿಸುವ ಆ ದನಿ ತೆಗೆದಳು. ಆ ದನಿಗೆ ಹೆಂಗಸರೂ ತಿರುಗಿದರು. ಎಲ್ಲರೂ ಬಂದರು. ಗೂಟಗಳ ಬುಡ ಸೇರಿಬಿಟ್ಟಿದ್ದ ರುಕ್ಮಾಯಿಗೆ ಮಾತ್ರ ದನಿ ಮುಟ್ಟಲಿಲ್ಲ, ಅವಳೊಬ್ಬಳು ಬರಲಿಲ್ಲ. ನೀರು ಬಂತು. ಮಾಳವ್ವ ಮತ್ತೆ ಕೆಳಗಿಳಿದು ಹೋದಳು, ಈಜು ಬಾರದವಳು. ಅವಳ ಹಿಂದೆ ಇಬ್ಬರು ಗಂಡಸರು ಹಗ್ಗ ತೆಗೆದುಕೊಂಡು ಹೋದರು. ನೀರಿನ ಹೊಡೆತಕ್ಕೆ ರುಕ್ಮಾಯಿಯ ಸೊಂಟ ಕಲ್ಲುಗೂಟಕ್ಕೆ ಬಡಿದಿತ್ತು. ಜೀವ ಉಳಿಯಿತು, ಸೊಂಟ ಸರಿಹೋಗಲಿಲ್ಲ.

ಮರುದಿನ ಮಧ್ಯಾಹ್ನ ಮೀನು ಹರಾಜಿನ ಚಪ್ಪರದಲ್ಲಿ ಊರು ಸೇರಿತು. ಗುರಿಕಾರ ಸೂರಪ್ಪನವರು, ಊರಿನ ಹಿರಿಯರು, ಮಾತು ಕಡಿಮೆಯ ಮನುಷ್ಯ. ಬಿಳಿ ಹೇಗೆ ಕೆಂಪಾಯಿತು ಎಂದು ಕೇಳಿದರು. ನಾನು ಬಾಯಿ ತೆರೆಯುವ ಮುಂಚೆ ಮಾಳವ್ವ ಎದ್ದು ನಿಂತಳು. ಕೆಳಗೆ ನಿಂತು ರುಕ್ಮಾಯಿಯ ಕಿವಿಯಲ್ಲಿ ಸಣ್ಣದು ಎಂದು ತಾನೇ ಅಂದದ್ದಾಗಿ, ಆ ತುಟಿಯನ್ನು ದುರ್ಬೀನಿನಲ್ಲಿ ಕಂಡು ಅಕ್ಕನ ಕಣ್ಣು ತಪ್ಪಿದ್ದಾಗಿ ಹೇಳಿದಳು. ನೆಲ ನೋಡುತ್ತ, ಕಲಿತ ಪಾಠ ಒಪ್ಪಿಸುವ ಹಾಗೆ ಹೇಳಿದಳು. ರುಕ್ಮಾಯಿಯ ಕಿವಿಯಲ್ಲಿ ಅವಳು ಅಂದದ್ದು ಏನೆಂದು ರುಕ್ಮಾಯಿಯೊಬ್ಬಳಿಗೆ ಗೊತ್ತು, ಅವಳು ಇನ್ನೂ ಜ್ವರದಲ್ಲಿ ಮಲಗಿದ್ದಳು.

ನಾನು ಅತ್ತೆಯತ್ತ ನೋಡಿದೆ. ಅವರು ಕಂಬಕ್ಕೆ ಒರಗಿ ಕೂತು, ಮಾಳವ್ವನ ಒಂದೊಂದು ಮಾತಿಗೂ ತಲೆ ಆಡಿಸುತ್ತಿದ್ದರು. ಆಗ ತಿಳಿಯಿತು, ಈ ಮಾತು ಎಲ್ಲಿಂದ ಬಂತೆಂದು. ಕಟ್ಟೆ ನಮ್ಮ ಮನೆಯಿಂದ ಹೋಗಬಾರದೆಂದು ಅತ್ತೆ ಅವಳಿಗೆ ಹೇಳಿಕೊಟ್ಟಿದ್ದರು. ನನಗೊಂದು ಮಾತೂ ತಿಳಿಸಿರಲಿಲ್ಲ. ಸುಳ್ಳು ಹೇಳಿಸುವುದಕ್ಕೂ ಅವರಿಗೆ ಅವಳೇ ಬೇಕಾದಳು.

ಗುರಿಕಾರರು, ಮಾಳವ್ವ ಈ ವರ್ಷ ಕಟ್ಟೆಯ ಹತ್ತಿರವಾಗಲಿ ಬಯಲಿಗಾಗಲಿ ಕಾಲಿಡಬಾರದು ಎಂದರು. ಹೆಂಗಸರ ನಡುವೆ ಗುಸುಗುಸು ಎದ್ದಿತು. ರುಕ್ಮಾಯಿಯನ್ನು ಎಳೆದು ತಂದವಳಲ್ಲವೇ ಎಂದು ಯಾರೋ ಅಂದರು. ಇನ್ಯಾರೋ, ತಪ್ಪನ್ನು ತಾನಾಗಿ ಒಪ್ಪಿಕೊಂಡಳಲ್ಲ, ದೊಡ್ಡ ಮನಸ್ಸು ಎಂದರು. ದೊಡ್ಡ ಮನಸ್ಸು ಎಂಬ ಆ ಮಾತು ನನ್ನನ್ನು ಎಬ್ಬಿಸಿ ನಿಲ್ಲಿಸಿತು. ಧರ್ಮ, ಪಶ್ಚಾತ್ತಾಪ ಎಂದೆಲ್ಲ ಆಮೇಲೆ ಜನ ಹೇಳಿದರು. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ, ನಾನು ಎದ್ದು ನಿಂತದ್ದು ಹೊಟ್ಟೆಕಿಚ್ಚಿಗೆ. ಕಣ್ಣು ಅವಳದು, ಅತ್ತೆ ಅವಳವರು, ಈಗ ನನ್ನ ತಪ್ಪನ್ನೂ ಹೊತ್ತು ಅದರ ಹಿರಿಮೆಯನ್ನೂ ಅವಳೇ ತೆಗೆದುಕೊಂಡು ಹೋಗುತ್ತಿದ್ದಳು. ತಪ್ಪಾದರೂ ನನ್ನದಾಗಿ ಇರಲಿ ಅನಿಸಿತು.

“ಅವಳು ದೊಡ್ಡದು ಅಂದದ್ದು,” ಎಂದೆ. “ನಾನು ನೋಡಿದ್ದೇನೆ. ನನ್ನ ಕೈಯಲ್ಲಿ ಕೆಂಪೇ ಇತ್ತು. ಅವಳೂ ಅದನ್ನೇ ಹೇಳಿದ್ಲು ಅಂತ ಬಿಳಿ ಹಾಕಿದೆ.”

ಗುರಿಕಾರರು ನನ್ನನ್ನು ಎರಡು ಸಲ ಕೇಳಿದರು, ನಾನು ಎರಡು ಸಲವೂ ಅದನ್ನೇ ಹೇಳಿದೆ. ಆಮೇಲೆ ತಡವಾಗಲಿಲ್ಲ. ದುರ್ಬೀನನ್ನು ನನ್ನ ಕೊರಳಿಂದ ನಾನೇ ತೆಗೆದುಕೊಟ್ಟೆ. ಕಟ್ಟೆಗೆ ಮಾಳವ್ವ ನಿಲ್ಲಲಿ ಎಂದು ಊರು ಹೇಳಿತು. ಅವಳು ಬೇಡ ಎನ್ನುತ್ತಾಳೆ, ಒಂದು ಸಲವಾದರೂ ಎನ್ನುತ್ತಾಳೆ ಎಂದು ಕಾದೆ. ಅವಳು ಆಗಲಿರಿ ಎಂದಳು. ದುರ್ಬೀನನ್ನು ಮಾತ್ರ ವಾಪಸು ಕೊಟ್ಟಳು, ಅದರಲ್ಲಿ ತನಗೇನೂ ಕಾಣುವುದಿಲ್ಲವೆಂದು.

ಅತ್ತೆ ನನ್ನ ಜೊತೆ ಮಾತು ಬಿಟ್ಟರು. ಮಾಳವ್ವನೂ ನಾನೂ ಒಂದೇ ಒಲೆಯ ಎರಡು ಬದಿಗೆ ಕೂತು ಕೆಲಸ ಮಾಡುತ್ತಿದ್ದೆವು, ಉಪ್ಪು ಕೊಡು, ಸೌಟು ಕೊಡು ಎನ್ನುವಷ್ಟೇ ಮಾತು. ಹತ್ತು ಹನ್ನೆರಡು ದಿನ ಕಳೆದಿರಬಹುದು. ಮಧ್ಯಾಹ್ನ ಹಿತ್ತಿಲಲ್ಲಿ ಮೀನು ಹೆರೆಯುತ್ತ ಕೂತಿದ್ದಾಗ ಅವಳು ತಲೆಯೆತ್ತದೆ ಶುರುಮಾಡಿದಳು.

“ನನಗೂ ಬೇಕಾಗಿತ್ರಿ ಅಕ್ಕಾರ, ಆ ಕಟ್ಟಿ. ಬಂದ ಮೊದಲನೇ ವಾರಾನ ಬೇಕನಿಸಿತ್ತು. ನೀವು ಬರಾಕತ್ರ ಮಂದಿ ದಾರಿ ಬಿಡ್ತಿದ್ರು. ನನಗ ನಮ್ಮೂರಾಗ ಕುರೀನೂ ದಾರಿ ಬಿಡ್ತಿದ್ದಿಲ್ಲ.”

ಅವಳು ಕತ್ತಿ ಕೆಳಗಿಟ್ಟಳು.

“ಗಂಜಿ ತಂದಾಗ ಮೆಲ್ಲಕ ಹೇಳಬಹುದಿತ್ತು. ಬೇಕಂತನ ಜೋರಾಗಿ ಹೇಳ್ತಿದ್ದೆ, ಕೆಳಗಿನವರಿಗೆ ಕೇಳ್ಲಿ ಅಂತ. ಆವತ್ತ ನೀವು ಬಿಳೀದು ಏರಿಸಿದಾಗ ಒಂದು ಕೂಗು ಹಾಕಿದ್ರ ಯಾರೂ ಇಳೀತಿದ್ದಿಲ್ಲ. ನಾ ಕೂಗ್ಲಿಲ್ಲ. ಈ ಸಲ ಎಲ್ಲಾರಿಗೂ ಕಾಣ್ಲಿ, ಅಕ್ಕ ತಪ್ಪಿದ್ಲು ಅಂತ ಕಾಣ್ಲಿ ಅಂದ್ಕೊಂಡ್ನಿ. ಹಂಗ ಅಂದ್ಕೊಂಡು ಬುಟ್ಟಿ ಎತ್ತಿದ್ನಿ. ಆಮ್ಯಾಲ ಹೆದರಿಕಿ ಬಂದು ಹಿಂದ ನೋಡ್ಕೋತ ಹೋದ್ನಿ.”

ಅತ್ತೆ ಸುಳ್ಳು ಹೇಳು ಎಂದಾಗ ಒಪ್ಪಿಕೊಂಡದ್ದು ಅದಕ್ಕೇ ಎಂದಳು. ಪೂರಾ ಸುಳ್ಳು ಅನಿಸಿರಲಿಲ್ಲವಂತೆ.

ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ದುರ್ಬೀನಿನಲ್ಲಿ ಅಷ್ಟು ದಿನ ನೋಡಿದ್ದರೂ ಈ ಮುಖ ಕಂಡಿರಲಿಲ್ಲ. ಅವಳನ್ನು ಕ್ಷಮಿಸಬೇಕು ಅನಿಸಲಿಲ್ಲ, ಬೈಯಬೇಕು ಅಂತಲೂ ಅನಿಸಲಿಲ್ಲ. ಬಹಳ ದಿನ ಬಿಗಿದಿದ್ದ ರವಿಕೆಯ ಗುಂಡಿ ಬಿಚ್ಚಿದ ಹಾಗಾಯಿತು. ಮೀನಿನ ಬುಟ್ಟಿಯನ್ನು ಅವಳ ಕಡೆ ದೂಡಿ, “ಬಾಲದಿಂದ ತಲೆ ಕಡೆಗೆ ಹೆರೆಯಬೇಕು ಮಾರಾಯ್ತಿ, ಎಷ್ಟು ಸಲ ಹೇಳುದು ನಿಂಗೆ,” ಎಂದೆ. ಅವಳು ಮೂಗು ಒರೆಸಿಕೊಂಡು ಬಾಲದಿಂದ ಹೆರೆಯತೊಡಗಿದಳು. ರುಕ್ಮಾಯಿಯ ಮನೆಗೆ ಆ ವಾರ ನಾವಿಬ್ಬರೂ ಒಟ್ಟಿಗೆ ಹೋದೆವು. ರುಕ್ಮಾಯಿ ಗೋಡೆಯ ಕಡೆ ಮುಖ ಮಾಡಿ ಮಲಗಿದವಳು ತಿರುಗಲಿಲ್ಲ. ಮತ್ತೆ ಮತ್ತೆ ಹೋದೆವು. ನಾಲ್ಕನೆಯ ಸಲ, ತಂದ ಗಂಜಿಯನ್ನು ಅಲ್ಲಿಟ್ಟು ಹೋಗಿ ಎಂದಳು.

ಮಾಳವ್ವ ಈಗ ಹಕ್ಕಿಯಮ್ಮ. ಇದುವರೆಗೆ ಒಂದು ದಿನವೂ ತಪ್ಪಿಲ್ಲ. ಹಾಗೆ ಯಾರಾದರೂ ಹೇಳುವಾಗ ನನಗೆ ಈಗಲೂ ಒಳಗೆ ಚುರುಕ್ ಎನ್ನುತ್ತದೆ. ಒಂದು ದಿನವಾದರೂ ತಪ್ಪಲಿ ಎಂದು ನಾನು ಬಯಸಿಲ್ಲವೆಂದರೆ ಸುಳ್ಳಾದೀತು. ಆದರೆ ಬಯಸುವಾಗ ಅದು ಕೆಂಪೇ ಆಗಿರಲಿ ಎಂದು ಸೇರಿಸಿಕೊಳ್ಳುತ್ತೇನೆ.

ಮುಂದಿನ ಚಳಿಗಾಲ ನಾನು ಬುಟ್ಟಿ ಹಿಡಿದು ಬಯಲಿಗೆ ಇಳಿದೆ. ಎಷ್ಟೋ ವರ್ಷ ಮೇಲಿನಿಂದ ನೋಡಿದ್ದ ಕೆಸರಿನಲ್ಲಿ ಮೊದಲ ದಿನ ಮೂರು ಸಲ ಬಿದ್ದೆ. ಹೆಂಗಸರು ಯಾರೂ ನನ್ನ ಹತ್ತಿರ ಕೂರಲಿಲ್ಲ. ನಾನು ಒಂದು ಮೂಲೆಯಲ್ಲಿ ಕೆಸರು ಕೆದಕುತ್ತಿದ್ದೆ, ಕಲ್ಲು ಯಾವುದು ಚಿಪ್ಪಿ ಯಾವುದು ಎಂದು ಬೆರಳಿಗೆ ತಿಳಿಯುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ರುಕ್ಮಾಯಿ ಕೋಲೂರಿಕೊಂಡು, ಒಂದು ಕಾಲೆಳೆಯುತ್ತ ಬಂದಳು. ಗೂಟಗಳವರೆಗೆ ಹೋಗಲು ಅವಳಿಗೆ ಈಗ ಆಗುವುದಿಲ್ಲ. ನನ್ನಿಂದ ಒಂದು ಮಾರು ದೂರದಲ್ಲಿ ಕೋಲನ್ನು ಕೆಸರಿಗೆ ನೆಟ್ಟು, ಅದನ್ನು ಹಿಡಿದು ಮೆಲ್ಲಗೆ ಕೂತಳು. ನನ್ನ ಕೈಯನ್ನು ನೋಡಿದಳು.

“ಹಾಗೆ ಕೆದಕಿದ್ರೆ ಎಂತ ಸಿಗ್ತದೆ? ಬೆರಳು ಓರೆ ಹಿಡಿ. ಸಣ್ಣ ಎರಡು ತೂತು ಕಾಣ್ತದಲ್ಲ, ಅಲ್ಲಿ.”

ಓರೆ ಹಿಡಿದೆ. ಒಂದು ಚಿಪ್ಪಿ ಸಿಕ್ಕಿತು, ಆಮೇಲೆ ಇನ್ನೊಂದು. ಅವಳು ಕತ್ತು ತಗ್ಗಿಸಿ ತನ್ನ ಕೆಲಸ ಶುರುಮಾಡಿದಳು. ಅವಳ ಎರಡೂ ಕೈ ಕೆಸರಿನಲ್ಲಿ ಆಡುವುದು ಕಾಣುತ್ತಿರಲಿಲ್ಲ, ಬುಟ್ಟಿಗೆ ಚಿಪ್ಪಿ ಬೀಳುವ ಸದ್ದು ಮಾತ್ರ ಒಂದರ ಹಿಂದೊಂದು ಕೇಳಿಸುತ್ತಿತ್ತು. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ನಾನು ತಡೆಯಲಾರದೆ ಬಗ್ಗಿ ನೋಡಿದೆ. ಅವಳ ಬುಟ್ಟಿ ಕಂಠದವರೆಗೆ ತುಂಬಿತ್ತು. ನನ್ನದರಲ್ಲಿ ತಳದ ಬೆತ್ತ ಕಾಣುತ್ತಿತ್ತು. ನನ್ನಿಂದಲೇ ಕುಂಟಿಯಾದವಳ ಬುಟ್ಟಿ ನೋಡಿ ನನಗೆ ಹೊಟ್ಟೆ ಉರಿಯಿತು. ಸೆರಗನ್ನು ಬಿಗಿಯಾಗಿ ಸಿಕ್ಕಿಸಿಕೊಂಡು, ಬೆರಳು ಓರೆ ಹಿಡಿದು, ಇನ್ನೂ ಬೇಗ ಕೆದಕತೊಡಗಿದೆ.